ಕೂಡಿ ಬಿದ್ದ ಎರಡು ಕಾಳು

ಹುಮನಾಬಾದಿನ ಕೋಳಿಗಳು ಎದ್ದು ಕೂಗುವುದು ಕಾಲೇಜಿನ ಪ್ರಯೋಗಾಲಯದ ಬೀಗವನ್ನು ಆಯಾ ಶೇವಂತಾಬಾಯಿ ತೆಗೆದ ಸದ್ದಿಗೇ. ಗಾಳಿ ಏಳುವ ಮೊದಲೇ ಅವರ ಕೆಲಸ ಮುಗಿಯಬೇಕು. ಕಸ ಗುಡಿಸಿ, ನೆಲದ ಮೇಲೆ ಬಟರ್ ಪೇಪರ್ ಹಾಸುತ್ತಾರೆ. ಅದರ ಮೇಲೆ ಬರೆದ ವೃತ್ತದೊಳಗೆ ನೂರಾ ತೊಂಬತ್ತೇಳು ಜೋಳದ ಕಾಳು ಚೆಲ್ಲಿ, ಬಿದ್ದಲ್ಲೆಲ್ಲ ಪೆನ್ಸಿಲಿನಿಂದ ಚುಕ್ಕೆ ಇಡುತ್ತಾರೆ. ಇವತ್ತು ಮಾತ್ರ ಕಾಳಿನ ಡಬ್ಬಿ ತೆರೆದಿಟ್ಟು ಬಾಗಿಲತ್ತಲೇ ನೋಡುತ್ತಿದ್ದಾರೆ.

ಒಂದು ಹಾಳೆಯೆಂದರೆ ಚಿನ್ನದ ಒಂದು ಪರಮಾಣುವಿನ ಬೀಜಕೇಂದ್ರ. ಒಂದು ಕಾಳು, ಅದರೊಳಗಿನ ಒಂದು ಕಣ. ಎರಡು ಹಾಳೆಗಳನ್ನು ತುಸು ಸರಿಸಿ ಒಂದರ ಮೇಲೊಂದು ಇಟ್ಟರೆ ವೃತ್ತಗಳು ಕೂಡುವಲ್ಲಿ ಬಾದಾಮಿಯ ಆಕಾರ ಮೂಡುತ್ತದೆ. ಹೆಚ್ಚುಕಡಿಮೆ ಬೆಳಕಿನಷ್ಟೇ ಜೋರಾಗಿ ಓಡಿಬಂದ ಎರಡು ಬೀಜಕೇಂದ್ರಗಳು ಡಿಕ್ಕಿ ಹೊಡೆದ ಮೊದಲ ಗಳಿಗೆಯಲ್ಲಿ ಎಷ್ಟು ಕಣಗಳಿಗೆ, ಎಲ್ಲೆಲ್ಲಿ ಪೆಟ್ಟು ಬಿತ್ತೆಂಬುದು ಆ ಬಾದಾಮಿಯಲ್ಲಿದೆ. ಭೌತಶಾಸ್ತ್ರದ ಖಮರುದ್ದೀನ್ ಸರ್ ಅವರ ಪ್ರಬಂಧ ನಿಂತಿರುವುದೇ ಅದರ ಮೇಲೆ. ಈ ಎಂಬತ್ತನಾಲ್ಕನೇ ಇಸವಿಯಲ್ಲೂ ಕಂಪ್ಯೂಟರಿನ ಗಾಳಿ ಇತ್ತ ಸುಳಿದಿಲ್ಲ. ದಿನಕ್ಕೆ ನಾಲ್ಕು ಹಾಳೆ, ಒಂದು ವರ್ಷಕ್ಕೆ ಸಾವಿರ ಆಗಿವೆ. ಸೋಮವಾರ ಪ್ರಬಂಧ ಗುಲಬರ್ಗಾ ವಿಶ್ವವಿದ್ಯಾಲಯ ಸೇರಬೇಕು.

ಶೇವಂತಾಬಾಯಿಯವರದು ತಮ್ಮೂರು ಮುಡಬಿಯಲ್ಲಿ ಬಿತ್ತನೆಯ ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತಿದ್ದ ಕೈ. ಈ ಕೈ ಬಿತ್ತಿದ ಸಾಲು ನೋಡಿ ಬಸವಕಲ್ಯಾಣದ ಡಾಂಬರು ರಸ್ತೆಯೇ ನಾಚಿ ಸೊಟ್ಟಗಾಗಿದೆ! ಈಗ ಆ ಕೈಯೇ ಮುಳುವಾಗಿದೆ. ನಿನ್ನೆ ಸರ್ ಪಾಠ ಹೇಳುತ್ತಿದ್ದರು: "ಕಣ ಒಂದ್ಕಡೆ ಗುಂಪಾಗ್ತಾವ, ಒಂದ್ಕಡೆ ಖಾಲಿ ಬಿಡ್ತಾವ. ಆ ಏರುಪೇರೇ ಅಸಲಿ ಮಾತು." ಬಾಗಿಲಲ್ಲಿ ಕಸಬರಿಗೆ ಹಿಡಿದು ಅದನ್ನು ಕೇಳಿದಾಗಿನಿಂದ ಬಾಯಿಗೆ ರೊಟ್ಟಿ ಸೇರಿಲ್ಲ. ಆರು ವರ್ಷವಾದರೂ ಕಾಯಂ ಆಗದ ನೌಕರಿ ಬೇರೆ.

ಸರ್ ಒಳಬರುತ್ತಾರೆ.

"ಸಾಹೇಬ್ರ, ತಪ್ಪಾಗ್ಯದ್ರಿ. ಎರಡು ಕಾಳು ಕೂಡಿ ಬಿದ್ರ ನಾ ಬಿಡಿಸಿ ಇಟ್ಟೀನ್ರಿ. ಕೂಡಿದ್ರ ಬೆಳಿ ಸೊರಗ್ತದಲ್ರಿ..."

"ಎಷ್ಟು ಹಾಳ್ಯಾಗ?"

"ಸಾವಿರಕ್ಕ ಸಾವಿರ್ರಿ."

ಸರ್ ಹಾಳೆಗಳ ಕಟ್ಟು ಬಿಚ್ಚಿ, ಬೀದರಿನ ಕೋಟೆಯನ್ನು ಇನ್ನೊಮ್ಮೆ ಕಟ್ಟಿ ಮುಗಿಸುವಷ್ಟು ಹೊತ್ತು ಒಂದೊಂದೇ ತಿರುವುತ್ತಾರೆ. ಕೆಲಸ ಹೋಯಿತೆಂದು ಶೇವಂತಾಬಾಯಿ ಕಾಳಿನ ಡಬ್ಬಿ ಮುಚ್ಚುತ್ತಾರೆ.

"ಡಬ್ಬಿ ಯಾಕ ಮುಚ್ಚಾಕತ್ತೀರಿ? ಇದನ್ನ ಕಳಿಸಿದ್ರ ನನ್ನ ಇಜ್ಜತ್ತೇ ಹೋಗ್ತಿತ್ತು. ಇನ್ನೊಂದ್ ವರ್ಷದ ಮುದ್ದತ್ ಕೇಳಿ ಗುಲಬರ್ಗಾಕ್ಕ ಖತ್ ಬರೀತೀನಿ. ಕೊಡ್ತಾರೋ ಇಲ್ಲೋ ಖುದಾ ಬಲ್ಲ. ನೀವು ಶುರುದಿಂದ ಚೆಲ್ರಿ. ಪ್ರಬಂಧದ ಪುಸ್ತಕದಾಗ ನಿಮ್ಮ ಹೆಸರೂ ಹಾಕ್ತೀನಿ."

ಹೊಸ ಹಾಳೆ. ಕಾಳು ಚೆಲ್ಲುತ್ತವೆ, ಎರಡು ಮೈಗೆ ಮೈ ತಾಗಿಸಿ ಕೂರುತ್ತವೆ. ಬೆರಳು ತಾನಾಗಿಯೇ ಅತ್ತ ಹೊರಡುತ್ತದೆ. ಶೇವಂತಾಬಾಯಿ ಆ ಕೈಯನ್ನು ಮೊಣಕಾಲ ಕೆಳಗೆ ಒತ್ತಿ ಹಿಡಿಯುತ್ತಾರೆ.

"ಪುಸ್ತಕದಾಗ ನನ್ನ ಹೆಸರ ಬ್ಯಾಡ್ರಿ ಸಾಹೇಬ್ರ," ಎನ್ನುತ್ತಾರೆ, ಕಣ್ಣು ಆ ಎರಡು ಕಾಳಿನ ಮೇಲೇ ಇಟ್ಟು. "ಜ್ವಾಳ ಮುಡಬಿದು, ಹ್ಯಾಂಗ ಬಿತ್ತೋ ಹಾಂಗೇ ಬಿಟ್ಟದ ಅಂತ ಒಂದ್ ಸಾಲ ಬರೀರಿ. ಸಾಕು."