ರಸೂಲ್ ಸಾಬರಿಗೆ ಗೊತ್ತಿದ್ದ ದಾವಣಗೆರೆ

ನಮ್ಮ ಮಾವ ರಸೂಲ್ ಸಾಬರಿಗೆ ದಾವಣಗೆರೆಯ ಗಲ್ಲಿ ಗಲ್ಲಿಯೂ ಗೊತ್ತು ಎಂದು ಜಗಳೂರಿಗೆ ಜಗಳೂರೇ ನಂಬಿತ್ತು. ಅವರಾಗಿ ಹಾಗೆಂದು ಹೇಳಿಕೊಂಡವರಲ್ಲ. ಆದರೆ ಬೇರೆಯವರು ಹೇಳಿದಾಗ ಅಲ್ಲ ಎನ್ನಲೂ ಇಲ್ಲ. ಅವರ ತಪ್ಪು ಅದೇ. ಸೊಸೆಯಾಗಿ ನಾನು ಇದನ್ನು ಹೇಳಬಾರದು, ಆದರೂ ಹೇಳುತ್ತೇನೆ. ಈ ಹಜೀರಾಳ, ಅಂದರೆ ನನ್ನ, ಬಾಯಿ ಮುಚ್ಚಿಸಲು ನಮ್ಮ ಅತ್ತೆಯಿಂದಲೇ ಆಗಲಿಲ್ಲ.

ಮಾವನದು ಪಾತ್ರೆಗಳಿಗೆ ಕಲಾಯಿ ಹಾಕುವ ಕೆಲಸ. ಅದಕ್ಕೆ ಬೇಕಾದ ತವರ, ನವಸಾಗರ ತರಲು ತಿಂಗಳಿಗೊಮ್ಮೆ ದಾವಣಗೆರೆಗೆ ಹೋಗುತ್ತಿದ್ದರು. ಅವರು ಹೊರಟರೆಂದರೆ ಆಸ್ಪತ್ರೆಗೆ ಹೋಗುವವರು, ಮದುವೆಯ ಜವಳಿ ತರುವವರು ಎಲ್ಲ ಬೆನ್ನು ಹತ್ತುತ್ತಿದ್ದರು. ಮಾವನಿಗೆ ಓದು ಬಾರದು. ಬೀದಿಯ ಹೆಸರೂ ತಿಳಿಯದು. ಅವರು ಊರನ್ನು ಗುರುತಿಟ್ಟುಕೊಂಡಿದ್ದು ಜನರಿಂದ. ಎಲೆ ಮಾರುವ ಮುದುಕಿ ಕಂಡಲ್ಲಿ ಎಡಕ್ಕೆ, ಬಜ್ಜಿ ಕರಿಯುವ ವಾಸನೆ ಬಂದಲ್ಲಿ ನೇರ, ಕೊಡೆ ರಿಪೇರಿಯವನು ಕೂತಲ್ಲಿ ಬಲಕ್ಕೆ ತಿರುಗಿದರೆ ಆಸ್ಪತ್ರೆ. ಅವರ ದಾವಣಗೆರೆ ಅಷ್ಟೇ.

ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ಒಂದು ದಿನ ಬೆಳಗಾಗುವ ಹೊತ್ತಿಗೆ ಪಕ್ಕದ ಹಳ್ಳಿ ಸೊಕ್ಕೆಯ ದುರುಗಕ್ಕ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು. ಅವಳ ಗಂಡ ತಿಪ್ಪೇಶಪ್ಪ ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋಗಿದ್ದ. ಮಗುವಿನ ಗಂಟಲು ಕಟ್ಟಿತ್ತು. ಒಂದೊಂದು ಉಸಿರಿಗೂ ಸಿಳ್ಳೆಯಂಥ ಸದ್ದು ಬರುತ್ತಿತ್ತು.

"ಇಲ್ಲಿ ಡಾಕ್ಟ್ರ ಹತ್ರ ಆ ಸೂಜಿಮದ್ದು ಇಲ್ಲಂತೆ ರೀ. ಮಧ್ಯಾಹ್ನದೊಳಗೆ ದಾವಣಗೆರೇಲಿ ಹಾಕಿಸ್ಲಿಲ್ಲ ಅಂದ್ರೆ ಕೂಸು ಉಳಿಯಲ್ಲ ಅಂದ್ರು. ನಂಗೆ ಆ ಊರು ಗೊತ್ತಿಲ್ಲ ಸಾಬ್ರೆ," ಎಂದಳು.

"ನಾನಿದ್ದೀನಲ್ಲವ್ವ, ನಡಿ," ಎಂದು ಮಾವ ಚಪ್ಪಲಿ ಮೆಟ್ಟಿದರು.

ಮುಂದಿನದನ್ನು ಮಾವನೇ ನನಗೆ ಒಂದೇ ಒಂದು ಸಲ ಹೇಳಿದ್ದು. ಬಸ್ಸು ಊರಾಚೆಯ ಹೊಲದ ಹತ್ತಿರವೇ ನಿಂತಿತಂತೆ. "ಇಲ್ಲೇ ಇಳೀರಿ. ಪ್ಲೇಗು ಬಂದೈತೆ, ಊರು ಖಾಲಿ ಮಾಡ್ಸ್ಯಾರೆ," ಎಂದ ಡ್ರೈವರ್. ಹೊಲದ ತುಂಬ ತಟ್ಟಿಯ ಗುಡಿಸಲುಗಳು. ಜನ ಅಲ್ಲೇ ಒಲೆ ಹೂಡಿಕೊಂಡು ಸಂಸಾರ ಮಾಡುತ್ತಿದ್ದರು. ಅವರಲ್ಲಿ ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. "ಜನ ಹೋದ್ರೆ ಹೋಗ್ಲಿ, ಆಸ್ಪತ್ರೆ ಎಲ್ಲಿಗೆ ಹೋಗ್ತೈತೆ?" ಎನ್ನುತ್ತಾ ಮಗುವನ್ನು ತಾವೇ ಹೆಗಲಿಗೆ ಹಾಕಿಕೊಂಡು ಊರೊಳಗೆ ಹೊರಟರು.

ಒಳಗೆ ಎಲೆ ಮಾರುವ ಮುದುಕಿ ಇರಲಿಲ್ಲ. ಬಜ್ಜಿಯ ಒಲೆ ಆರಿ ಎಷ್ಟು ದಿನವಾಗಿತ್ತೋ. ಎಲ್ಲ ಬಾಗಿಲಿಗೂ ಬೀಗ, ಎಲ್ಲ ಬೀದಿಯೂ ಒಂದೇ ತರಹ. ಮಾವ ಅಂದಾಜಿನ ಮೇಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿದರು. ಸತ್ತ ಇಲಿಗಳನ್ನು ದಾಟಿ ದಾಟಿ ನಡೆದರು. ಹೆಗಲ ಮೇಲಿನ ಸಿಳ್ಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. "ಇನ್ನೇನ್ ಬಂತವ್ವ," ಎಂದರು. "ಹ್ಞೂಂ ರೀ," ಎಂದಳು ದುರುಗಕ್ಕ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಬೀದಿಗೆ ಬಂದರು. "ಇನ್ನೇನ್ ಬಂತು," ಎಂದರು. ಅವಳು ಆಗಲೂ ಹ್ಞೂಂ ಅಂದಳು.

ಒಂದು ಜಗಲಿಯ ಮೇಲೆ ಕಾವಲಿನ ಪೊಲೀಸಿನವನು ಬೀಡಿ ಸೇದುತ್ತಾ ಕೂತಿದ್ದ. ಆಸ್ಪತ್ರೆ ಎಲ್ಲಿ ಎಂಬ ಮಾತು ಮಾವನ ನಾಲಿಗೆಯ ತುದಿಗೆ ಬಂದಿತ್ತಂತೆ. ಆದರೆ ಪಕ್ಕದಲ್ಲಿ ದುರುಗಕ್ಕ ನಿಂತಿದ್ದಳು. ಊರು ಬಲ್ಲವರು ಎಂದು ನಂಬಿ ಬಂದವಳ ಮುಂದೆ ದಾರಿ ಕೇಳಲು ನಾಚಿಕೆಯಾಗಿ, ಸಲಾಂ ಹೊಡೆದು ಮುಂದೆ ನಡೆದುಬಿಟ್ಟರು. ಹಾಳಾದ ನಾಚಿಕೆ. ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ಆಸ್ಪತ್ರೆ ಸಿಕ್ಕಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ಅದಕ್ಕೂ ಬೀಗ. ಹೊರಗೆ ಸುಣ್ಣ ಎರಚುತ್ತಿದ್ದ ಆಳು ಇವರನ್ನು ನೋಡಿ, "ಡಾಕ್ಟ್ರು, ಔಷಧಿ ಎಲ್ಲಾ ಹೊಲದ ಗುಡಿಸ್ಲಿಗೆ ಹೋಗಿ ಎಂಟು ದಿನ ಆತು. ಬಸ್ಸು ನಿಲ್ಲೋ ಜಾಗದ ಎದುರಿಗೇ ಐತಲ್ಲ, ಕಾಣಲಿಲ್ಲೇನು?" ಎಂದ.

ಅರವತ್ತರ ಮುದುಕ ಮಗುವನ್ನು ಎತ್ತಿಕೊಂಡು ಓಡಿದರು. ಗುಡಿಸಲುಗಳು ಕಣ್ಣಿಗೆ ಬೀಳುವ ಹೊತ್ತಿಗೆ ಹೆಗಲ ಮೇಲಿನ ಸದ್ದು ನಿಂತಿತು. ಡಾಕ್ಟರು ಮಗುವಿನ ಕಣ್ಣು ಬಿಡಿಸಿ ನೋಡಿ, ಇನ್ನೊಂದು ಗಂಟೆ ಮುಂಚೆ ಬಂದಿದ್ದರೆ ಎಂದರಂತೆ.

ಹೆಣ ಎಂದರೆ ಬಸ್ಸಿಗೆ ಹತ್ತಿಸುವುದಿಲ್ಲ. ಪ್ಲೇಗಿನ ಊರಿನಿಂದ ಅಂತೂ ಇಲ್ಲವೇ ಇಲ್ಲ. ಸಂಜೆಯ ಬಸ್ಸಿನಲ್ಲೂ ಇದ್ದ ಬೆಳಗಿನ ಡ್ರೈವರ್, "ಸೂಜಿ ಬಿತ್ತಾ?" ಎಂದು ಕೇಳಿದ. "ಬಿತ್ತಪ್ಪ, ಮಲಗೈತೆ," ಎಂದರು ಮಾವ. ಜಗಳೂರು ಮುಟ್ಟುವವರೆಗೂ ದುರುಗಕ್ಕ ಮಗುವಿನ ಬೆನ್ನು ತಟ್ಟುತ್ತಾ ಕೂತಿದ್ದಳು. ಅಳುವ ಹಾಗಿರಲಿಲ್ಲ. ಮೂವತ್ತು ಮೈಲಿ, ಆ ತಾಯಿ ಹೇಗೆ ತಡೆದುಕೊಂಡಳೋ.

ಮೂರನೆಯ ದಿನ ಮಾವ ಸೊಕ್ಕೆಗೆ ಹೊರಟರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ತಿಪ್ಪೇಶಪ್ಪ ಬಂದಿದ್ದ. ಮಣ್ಣಿಗೆ ಮುಂಚೆ ಮಗಳ ಮುಖವೂ ನೋಡಲು ಸಿಗದ ಸಂಕಟಕ್ಕೆ ಹೆಂಡತಿಯ ಮೇಲೆ ಹರಿಹಾಯುತ್ತಿದ್ದ. "ಒಂದು ಗಳಿಗೆ ಮುಂಚೆ ಹೊರಡಾಕೆ ನಿಂಗೆ ಏನಾಗಿತ್ತೇ?" ಎನ್ನುತ್ತಿದ್ದ.

ಮಾವ ಅಂಗಳದ ಮಣ್ಣಿನಲ್ಲೇ ಕೂತರು. "ಅವಳನ್ನ ಬೈಬ್ಯಾಡಪ್ಪ. ತಡ ಮಾಡಿದ್ದು ನಾನು. ನಂಗೆ ಹಾದಿ ತಪ್ಪಿತ್ತು. ಪೊಲೀಸಿನೋನು ಎದುರಿಗೇ ಇದ್ದ. ಕೇಳಲಿಲ್ಲ ನಾನು," ಎಂದರು.

ದುರುಗಕ್ಕ ನೆಲ ನೋಡುತ್ತಲೇ ಹೇಳಿದಳು.

"ನಂಗೆ ಗೊತ್ತಿತ್ತು ಸಾಬ್ರೆ. ಅದೇ ಬೀದಿಗೆ ಎರಡ್ನೇ ಸಲ ಬಂದಾಗ್ಲೇ ಗೊತ್ತಾತು. ಆ ಪೊಲೀಸಿನೋನ್ನ ನಾನೇ ಕೇಳಾನ ಅಂದ್ಕಂಡೆ. ದೊಡ್ಡೋರು ನೀವು, ನನ್ನ ಸಲುವಾಗಿ ಬಂದೋರು. ನಿಮ್ಮ ಮುಂದೆ ಹೆಂಗೆ ಕೇಳ್ಲಿ? ನಿಮ್ಮ ಮರ್ಯಾದಿ ಹೋಗ್ತೈತೆ ಅಂತ ಸುಮ್ನಾದೆ."

ಅಷ್ಟು ಹೇಳಿ, ನಮಗೆ ಕುಡಿಯಲು ನೀರು ತರಲು ಎದ್ದು ಒಳಗೆ ಹೋದಳು.