ನಮ್ಮ ಬೀದಿಯ ಕಾರ್ಡು

ಸ್ವಿಟ್ಜರ್ಲೆಂಡಿನಲ್ಲಿ ನನಗೊಬ್ಬರು ಪತ್ರಸ್ನೇಹಿತೆ ಇದ್ದಾರೆ. ಪತ್ರಸ್ನೇಹಿತೆ ಎಂದರೆ, ಒಮ್ಮೆಯೂ ಭೇಟಿಯಾಗದೆ ಬರೀ ಪೋಸ್ಟ್‌ಕಾರ್ಡಿನಲ್ಲೇ ಪರಿಚಯವಾದವರು. ವಯಸ್ಸಾದವರು, ಮಂಡಿನೋವಿನಿಂದ ಮನೆ ಬಿಟ್ಟು ಹೊರಗೆ ಹೋಗುವಂತಿಲ್ಲ. ನೀವಿರುವ ಬೀದಿಯನ್ನು ನೋಡಬೇಕು, ಅದರದೊಂದು ಕಾರ್ಡು ಕಳಿಸಿ ಎಂದು ಕೇಳಿದ್ದರು. ಕೊಳ್ಳೇಗಾಲದ ಅಂಗಡಿಗಳಲ್ಲಿ ಇದ್ದದ್ದು ಮೈಸೂರು ಅರಮನೆಯ ಕಾರ್ಡು ಮಾತ್ರ. ಹಾಗಾಗಿ ನಮ್ಮ ಮಗ್ಗದ ಬೀದಿಯಲ್ಲಿ ನಿಂತು ಫೋಟೊ ತೆಗೆಸಿಕೊಂಡೆ. ಅದನ್ನು ಕಾರ್ಡಿನ ಅಳತೆಗೆ ಪ್ರಿಂಟ್ ಹಾಕಲು ಸ್ಟುಡಿಯೋದವರಿಗೆ ಕೊಟ್ಟು, ಫಾರಿನ್ನಿಗೆ ಹೋಗುತ್ತದೆ ಎಂದೂ ಹೇಳಿದೆ. ಹೇಳಬಾರದಿತ್ತು.

ಸಂಜೆ ಹೋಗಿ ನೋಡಿದರೆ ಫೋಟೊದಲ್ಲಿ ನನ್ನ ಹಿಂದೆ ಬೀದಿಯೇ ಇಲ್ಲ, ಹಿಮದ ಬೆಟ್ಟವಿದೆ.

"ಫಾರಿನ್ನೋರು ನಮ್ ಕರೆಂಟ್ ಕಂಬ, ಮೋರಿ ನೋಡ್ಬೇಕಾ ಸಾ? ಎಲ್ಲಾ ಅಳಿಸ್ಬುಟ್ಟೆ," ಎಂದರು ಸ್ಟುಡಿಯೋದವರು.

ಅಷ್ಟು ಆಸೆಯಿಂದ ಮಾಡಿದ್ದರು, ಬೇಡವೆನ್ನಲು ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ ಆಗ ನನಗೂ ಚೆನ್ನಾಗಿಯೇ ಕಂಡಿತು. ಅಂಚೆಗೆ ಹಾಕಿದೆ.

ಪತ್ರಸ್ನೇಹಿತೆಯ ಉತ್ತರ ಬಂತು: "ಈ ಬೆಟ್ಟ ನನ್ನ ಅಡುಗೆಮನೆಯ ಕಿಟಕಿಯಿಂದ ದಿನವೂ ಕಾಣುತ್ತದೆ. ನಿಮ್ಮ ಬೀದಿ ಎಲ್ಲಿ?"

ಮನೆಯಿಂದ ಆಚೆ ಹೋಗಲಾಗದವರಿಗೆ ಅವರ ಕಿಟಕಿಯನ್ನೇ ಕಳಿಸಿದ್ದೆ. ಸಂಕಟ ತಡೆಯದೆ ಸ್ಟುಡಿಯೋದವರಿಗೆ ಅದನ್ನು ಓದಿ ಹೇಳಿದೆ. ಅವರ ಮುಖ ಅರಳಿತು.

"ನೋಡಿದ್ರಾ ಸಾ, ಅವರೂರ್ನೋರೇ ಗುರುತು ಇಡಿಯೋ ಅಂಗೆ ಬಂದದೆ!"