ಹದಿನೈದು ಸೆಕೆಂಡಿನ ಪ್ರಾರ್ಥನೆ

ನಮ್ಮ ಆಸ್ಪತ್ರೆಯ ಲಿಫ್ಟಿನ ಪಕ್ಕದ ಗೋಡೆಯಲ್ಲಿ, ಗಾಜಿನ ಚೌಕಟ್ಟಿನೊಳಗೆ ಒಂದು ಪ್ರಮಾಣಪತ್ರ ತೂಗುತ್ತಿದೆ. ರೋಗಿಗಳ ರಕ್ತಕ್ಕೆ ಸೋಂಕು ತಗಲದಂತೆ ಕಾಪಾಡಿದ ಐಸಿಯು ನಮ್ಮದಂತೆ. ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡವರಲ್ಲಿ ಅರ್ಧ ಮಂದಿಗೆ ಐಸಿಯುವಿನ ಸಿಂಕ್ ಯಾವ ಮೂಲೆಯಲ್ಲಿದೆ ಎಂದೇ ಗೊತ್ತಿಲ್ಲ. ಎರಡನೇ ಸಾಲಿನ ಕೊನೆಯಲ್ಲಿ ನಾನೂ ಹಲ್ಲು ಕಿರಿದುಕೊಂಡು ನಿಂತಿದ್ದೇನೆ.

ನಾನು ಶಿರ್ವದವಳು. ಮಣಿಪಾಲದಲ್ಲಿ ನರ್ಸಿಂಗ್ ಕಲಿತು, ಕಾರ್ಕಳದ ಕಡೆಗೆ ಹೋಗುವ ರಸ್ತೆಯಲ್ಲಿರುವ ಈ ಖಾಸಗಿ ಆಸ್ಪತ್ರೆಗೆ ಸೇರಿದವಳು ಇಲ್ಲೇ ಉಳಿದೆ. ಐಸಿಯುವಿನಲ್ಲಿ ರೋಗಿಯ ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ತೆಳ್ಳಗಿನ ಒಂದು ನಳಿಕೆ ಹಾಕಿರುತ್ತಾರೆ. ನಾವು ಅದನ್ನು ಸೆಂಟ್ರಲ್ ಲೈನ್ ಎನ್ನುತ್ತೇವೆ. ಒಳಗಿನ ತುದಿ ಹೃದಯದ ಹೊಸ್ತಿಲವರೆಗೆ ಹೋಗಿರುತ್ತದೆ. ಹೊರಗಿನ ತುದಿಯಲ್ಲಿ ಕೊಳೆ ಇದ್ದರೆ ಔಷಧಿಯ ಜೊತೆ ಅದೂ ಒಳಗೆ ಹೋಗುತ್ತದೆ. ಆದ್ದರಿಂದ ಪ್ರತಿ ಸಲ ಸಿರಿಂಜ್ ಸಿಕ್ಕಿಸುವ ಮೊದಲು ಆ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಹದಿನೈದು ಸೆಕೆಂಡ್ ಉಜ್ಜಿ, ಒಣಗಲು ಬಿಡಬೇಕು. ಇದಕ್ಕೆ ಹೊಸ ಯಂತ್ರ ಬೇಡ, ವಿದೇಶದಲ್ಲಿ ಓದಿ ಬಂದ ತಲೆಯೂ ಬೇಡ. ಅದಕ್ಕೇ ಇರಬೇಕು, ಯಾರೂ ಮಾಡುವುದಿಲ್ಲ.

ಮಾಡುವವರ ಹದಿನೈದು ಸೆಕೆಂಡನ್ನೂ ನೋಡಿದ್ದೇನೆ. ಒಂದು, ಎರಡು, ಮೂರು ಎಂದವರು ನೇರ ಹದಿನೈದಕ್ಕೆ ಹಾರುತ್ತಾರೆ. ನನ್ನದೂ ಹಾಗೇ ಆಗುತ್ತಿತ್ತು. ಕೊನೆಗೊಂದು ಉಪಾಯ ಕಂಡುಕೊಂಡೆ. ಚಿಕ್ಕಂದಿನಿಂದ ಬಾಯಿಗೆ ಬರುವ ‘ನಮಾನ್ ಮೋರಿ’ ಎಂಬ ಕೊಂಕಣಿ ಪ್ರಾರ್ಥನೆಯನ್ನು ಸಾವಕಾಶವಾಗಿ ಒಮ್ಮೆ ಹೇಳಿದರೆ ಹದಿನೈದು ಸೆಕೆಂಡ್ ಆಗುತ್ತದೆ. ಅದು ಮುಗಿಯುವವರೆಗೆ ಉಜ್ಜುವುದು. ಇಗರ್ಜಿಯಲ್ಲಿ ಹೇಳಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಪ್ರಾರ್ಥನೆಯನ್ನು ನಾನು ಆ ಪ್ಲಾಸ್ಟಿಕ್ ತುದಿಯ ಮುಂದೆ ಹೇಳಿದ್ದೇನೆ. ನಾನೇನೂ ಅಂಥ ದೈವಭಕ್ತೆಯಲ್ಲ, ಗಡಿಯಾರದ ಮೇಲೆ ನಂಬಿಕೆಯಿಲ್ಲ ಅಷ್ಟೆ.

ಇನ್ನು ನಮ್ಮ ದೊಡ್ಡ ಡಾಕ್ಟರು. ಕಾರಿಡಾರಿನಲ್ಲಿ ಕೈ ತೊಳೆಯುವ ಏಳು ಹಂತಗಳ ಪೋಸ್ಟರಿದೆ, ಅದರಲ್ಲಿ ನಗುತ್ತಿರುವುದು ಅವರದೇ ಮುಖ. ಅವರು ರೌಂಡ್ಸಿಗೆ ಬಂದರೆ ಎರಡು ಉಂಗುರದ ಬರಿಗೈಯಲ್ಲೇ ಲೈನಿನ ಮೇಲಿನ ಡ್ರೆಸ್ಸಿಂಗಿನ ಅಂಚು ಎತ್ತಿ ಇಣುಕುತ್ತಾರೆ. “ಸರ್, ಗ್ಲೌಸ್” ಎಂದರೆ, “ಈಗಷ್ಟೇ ತೊಳೆದದ್ದು ಸಿಸ್ಟರ್” ಎನ್ನುತ್ತಾರೆ. ಎಲ್ಲಿ ತೊಳೆದರೋ, ಹಿಂದಿನ ಜನ್ಮದಲ್ಲಿರಬೇಕು.

ಆ ಪ್ರಮಾಣಪತ್ರ ಬಂದ ವರ್ಷ ಕಾಪುವಿನ ಒಬ್ಬರು ಬ್ಯಾರಿ ಮುಸ್ಲಿಂ ಹೆಂಗಸು ನಮ್ಮಲ್ಲಿದ್ದರು. ಮಗನದು ಬಟ್ಟೆ ಅಂಗಡಿ. ಕರುಳಿನ ಆಪರೇಷನ್ ಆಗಿ, ಸಾವಿನ ಬಾಯಿಂದ ಹಿಂದೆ ಬಂದು, ಗಂಜಿ ಕುಡಿಯುವಷ್ಟಾಗಿದ್ದರು. ಮೊಮ್ಮಗಳ ನಿಕಾಹ್ ಹತ್ತಿರದಲ್ಲಿತ್ತು. ಅಷ್ಟರೊಳಗೆ ಮನೆ ಸೇರಬೇಕೆಂಬುದೊಂದೇ ಅವರ ಜಪ. ನಾನು ಅವರನ್ನು ಉಮ್ಮಾ ಎನ್ನುತ್ತಿದ್ದೆ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ ಅವರು ನನ್ನನ್ನು ಬಾಯಮ್ಮ ಎನ್ನುತ್ತಿದ್ದರು.

“ಬಾಯಮ್ಮಾ, ಈ ನಳಿಕೆ ಇನ್ನು ಎಂತಕ್ಕೆ? ನಾನು ಗಂಜಿ ಕುಡಿಯುತ್ತೇನಲ್ಲ?”

“ಡಾಕ್ಟ್ರು ಹೇಳ್ಬೇಕು ಉಮ್ಮಾ.”

ಡಾಕ್ಟರು ಹೇಳಲಿಲ್ಲ, ಏಕೆಂದರೆ ನಾನು ಮತ್ತೆ ಕೇಳಲಿಲ್ಲ. ಒಮ್ಮೆ ಕೇಳಿದ್ದಕ್ಕೆ “ಇರಲಿ, ರಕ್ತ ತೆಗೆಯಲಿಕ್ಕೆ ಸುಲಭ” ಎಂದಿದ್ದರು. ಲೈನ್ ಇನ್ನೂ ಅಗತ್ಯವೇ ಎಂದು ಚೆಕ್‌ಲಿಸ್ಟಿನಲ್ಲಿ ದಿನಕ್ಕೊಂದು ಪ್ರಶ್ನೆ ಇರುತ್ತದೆ. ನಾನು ದಿನವೂ ‘ಹೌದು’ ಎಂದು ಟಿಕ್ ಹಾಕಿದೆ. ಬೇಡದ ಲೈನನ್ನು ತೆಗೆಸುವುದೇ ಸೋಂಕು ತಡೆಯುವ ಮೊದಲ ದಾರಿ ಎಂದು ಹೊಸ ನರ್ಸುಗಳಿಗೆ ಪಾಠ ಹೇಳುತ್ತಿದ್ದವಳೂ ನಾನೇ.

ನಾನು ಉಜ್ಜುವಾಗ ತುಟಿ ಅಲ್ಲಾಡುವುದನ್ನು ಉಮ್ಮ ಬೇಗ ಪತ್ತೆ ಹಚ್ಚಿದರು. “ಎಂತ ಓದುವುದು ನೀನು?” ವಿಷಯ ಹೇಳಿದೆ. “ಹಾಗಾದ್ರೆ ನಾನೂ ನನ್ನದು ಓದ್ತೇನೆ” ಎಂದು ಕಣ್ಣು ಮುಚ್ಚಿದರು. ಅಂದಿನಿಂದ ದಿನಕ್ಕೆ ಎಂಟು ಹತ್ತು ಸಲ ನಾವಿಬ್ಬರೂ ಹೀಗೆ ಪಿಸುಗುಟ್ಟುತ್ತಿದ್ದೆವು. ಹೆಚ್ಚು ಕಡಿಮೆ ಒಟ್ಟಿಗೇ ಮುಗಿಯುತ್ತಿತ್ತು. ಆ ಕೆಲಸದಲ್ಲಿ ನನಗೆ ಸಿಕ್ಕ ಸಂತೋಷ ಅದೊಂದೇ ಎಂದರೂ ತಪ್ಪಲ್ಲ.

ಆಗ ಬಂತು ತಪಾಸಣೆ. ಹೊರಗಿನಿಂದ ತಂಡ ಬರುತ್ತದೆಂದು ಕ್ರೋಟನ್ ಕುಂಡಗಳು ಬಂದವು, ಪರದೆಗಳು ಬದಲಾದವು, ವರ್ಷದಿಂದ ಸೋರುತ್ತಿದ್ದ ಸಿಂಕ್ ಅರ್ಧ ಗಂಟೆಯಲ್ಲಿ ರಿಪೇರಿಯಾಯಿತು. ನಮ್ಮ ಇನ್‌ಚಾರ್ಜ್ ಸಿಸ್ಟರ್ ಚೆಕ್‌ಲಿಸ್ಟುಗಳ ರಾಶಿಯನ್ನೇ ತಂದು ನನ್ನ ಮುಂದೆ ಹಾಕಿದರು. “ಒಂದು ಕಾಲಂ ಕೂಡ ಖಾಲಿ ಉಂಟೂಂತ ಆಗಬಾರದು ಮಾರಾಯ್ತಿ.” ಬೆಳಗ್ಗೆಯಿಂದ ಕೂತು ಹಿಂದಿನ ಎರಡು ವಾರಗಳ ಶುಚಿತ್ವವನ್ನು ತುಂಬಿಸಿದೆ. ಒಂದೇ ದಿನ ಬರೆದದ್ದೆಂದು ಕಾಣಬಾರದಲ್ಲ, ನೀಲಿ ಪೆನ್ನು ಸ್ವಲ್ಪ ಹೊತ್ತು, ಕಪ್ಪು ಪೆನ್ನು ಸ್ವಲ್ಪ ಹೊತ್ತು. ಅಂಥ ಬುದ್ಧಿಯೆಲ್ಲ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಅಷ್ಟರಲ್ಲಿ ಉಮ್ಮನ ಇಂಜೆಕ್ಷನಿನ ಹೊತ್ತು ಮೀರಿತ್ತು. ಓಡಿದೆ. ಹತ್ತಿಯಿಂದ ಒಂದು ಸಲ ಒರೆಸಿ, ಸಿರಿಂಜ್ ಸಿಕ್ಕಿಸಿ, ಔಷಧಿ ತಳ್ಳಿದೆ.

“ಇವತ್ತು ನಿನ್ನದು ಬೇಗ ಮುಗೀತಲ್ಲ ಬಾಯಮ್ಮಾ? ನನ್ನದು ಅರ್ಧವೂ ಆಗ್ಲಿಲ್ಲ.”

“ಗಡಿಬಿಡಿ ಉಮ್ಮಾ” ಎಂದು ನಕ್ಕು, ವಾಪಸು ಹೋಗಿ ಕೂತೆ. ಹದಿನೈದು ಸೆಕೆಂಡ್ ಉಜ್ಜಲಾಯಿತು ಎಂಬ ಕಾಲಮಿಗೆ ಟಿಕ್ ಹಾಕಿದೆ. ಕಪ್ಪು ಪೆನ್ನು.

ಮೂರನೇ ದಿನ ಬೆಳಗ್ಗೆ ಅವರಿಗೆ ಮಂಚ ಅಲ್ಲಾಡುವಷ್ಟು ನಡುಕ ಬಂತು, ಮೈ ಕೆಂಡವಾಯಿತು. ಅಷ್ಟು ದಿನ ಅಗತ್ಯವಾಗಿದ್ದ ಲೈನ್ ಹತ್ತು ನಿಮಿಷದಲ್ಲಿ ಹೊರಬಂತು. ಲೈನಿನಿಂದ ತೆಗೆದ ರಕ್ತದಲ್ಲೂ ಕೈಯಿಂದ ತೆಗೆದ ರಕ್ತದಲ್ಲೂ ಒಂದೇ ಕ್ರಿಮಿ ಬೆಳೆಯಿತು. ನನ್ನ ಒರೆಸುವಿಕೆಯಿಂದ ಬಂತೋ, ಆ ಉಂಗುರದ ಕೈಯಿಂದ ಬಂತೋ, ಯಾರೂ ಹೇಳಲಾರರು. ಆ ಅನುಮಾನವೇ ನಮಗೆಲ್ಲ ಒಳ್ಳೆಯ ಕೊಡೆಯಾಯಿತು. ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಯವರು ಸೇರಿ, ಚಹಾ ಬಿಸ್ಕೆಟ್ ಮುಗಿಸಿ, ಇದು ಹೊಟ್ಟೆಯ ಹಳೆಯ ಸೋಂಕು ಎಂದು ತೀರ್ಮಾನಿಸಿದರು. ಅದಕ್ಕೆ ಆಧಾರ, ಒಂದೂ ಕಾಲಂ ಖಾಲಿಯಿಲ್ಲದ ನನ್ನ ಚೆಕ್‌ಲಿಸ್ಟ್. ನಾನು ಬಾಯಿ ಬಿಡಲಿಲ್ಲ. ಪ್ರಮಾಣಪತ್ರ ಬಂತು.

ನಿಕಾಹ್ ಕಾಪುವಿನಲ್ಲಿ ನಡೆಯಿತು. ಉಮ್ಮ ಅದನ್ನು ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಮಗನ ಫೋನಿನಲ್ಲಿ ನೋಡಿದರು. ಫೋನ್ ಹಿಡಿದು ನಿಂತವಳು ನಾನು.

ಇನ್ನೂ ಮೂರು ವಾರ ಕಳೆದ ಮೇಲೆ ಮನೆಗೆ ಹೊರಟರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಮಗ ಕಾರು ತರಲು ಹೋಗಿದ್ದಾಗ ವೀಲ್‌ಚೇರಿನ ಪಕ್ಕ ಕುಳಿತು, “ಉಮ್ಮಾ, ಆ ದಿನ ನಾನು ಸರಿಯಾಗಿ ಉಜ್ಜಲಿಲ್ಲ” ಎಂದೆ. ನನಗೆ ಅಳು ಬಂತು. ನಾಚಿಕೆಗೆಟ್ಟ ಅಳು.

“ಗೊತ್ತುಂಟು” ಎಂದರು ಅವರು. “ನಾನೂ ಓದ್ತಾ ಇದ್ದೆ ಅಲ್ವಾ? ಮಗನಿಗೆ ಹೇಳ್ಲಿಲ್ಲ. ಹೇಳಿದ್ರೆ ಗಲಾಟೆ ಮಾಡ್ತಿದ್ದ, ಇವರು ನಿನ್ನನ್ನು ಕೆಲಸದಿಂದ ತೆಗೀತಿದ್ರು. ಮತ್ತೆ ಇಲ್ಲಿ ಪೂರ್ತಿ ಓದುವವರು ಯಾರುಂಟು?”